ಹಗೇವಿಯ ನೆಗಡಿ

ನಮ್ಮ ಮನೆಯಲ್ಲಿ ಏನಕ್ಕೆ ಬರವಿದ್ದರೂ ಹೊಸ್ತಿಲುಗಳಿಗೆ ಬರವಿರಲಿಲ್ಲ. ಯಲಬುರ್ಗಿಯ ಆ ಮಣ್ಣಿನ ಮಾಳಿಗೆಯ ಮನೆಯಲ್ಲಿ ತಲಬಾಗಿಲಿನಿಂದ ಬಚ್ಚಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಕಾಲೆತ್ತಿ ಕಾಲೆತ್ತಿ ಮೊಣಕಾಲು ಸೋಲುತ್ತಿದ್ದವು. ಪಡಸಾಲೆಗೊಂದು, ಅಡುಗೆಮನೆಗೊಂದು, ದೇವರ ಕೋಣೆಗೊಂದು. ಒಂದೊಂದು ಹೊಸ್ತಿಲೂ ಒಂದೊಂದು ಸರಹದ್ದು. ನಿಜಾಮರ ಆಡಳಿತ ತಲಬಾಗಿಲಿನ ಹೊರಗೇ ಮುಗಿಯುತ್ತಿತ್ತು. ಒಳಗಿನದು ಅಪ್ಪನ ತಾಯಿಯದು, ಅಂದರೆ ನಮ್ಮ ಆಯಿಯದು. ನಿಜಾಮರ ಕಚೇರಿಗೆ ಅರ್ಜಿ ಹಾಕಿಕೊಂಡರೆ ಎಂದಾದರೊಂದು ದಿನ ಜವಾಬು ಬರುತ್ತಿತ್ತಂತೆ. ಆಯಿಯ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಪದ್ಧತಿಯೇ ಇರಲಿಲ್ಲ, ನೇರ ಹುಕುಂ. ಯಾರು ಯಾವ ಹೊಸ್ತಿಲನ್ನು ಯಾವಾಗ ದಾಟಬೇಕು, ದಾಟುವಾಗ ಕೈಯಲ್ಲಿ ಏನಿರಬೇಕು, ಏನಿರಬಾರದು ಎಂಬುದೆಲ್ಲ ಅವಳ ತಲೆಯಲ್ಲಿ ಬರೆದಿಟ್ಟಂತಿತ್ತು. ನಾವು ತಪ್ಪಿದಾಗ ಮಾತ್ರ ಆ ಕಾನೂನು ನಮಗೆ ತಿಳಿಯುತ್ತಿತ್ತು.

ನಾನು ಹೇಳಹೊರಟಿರುವುದು ಪಡಸಾಲೆಯ ಪಕ್ಕದ ಕತ್ತಲು ಕೋಣೆಯ ಹೊಸ್ತಿಲಿನ ಸಂಗತಿ. ಆ ಚಳಿಗಾಲ ಅಲ್ಲಿ ಅವ್ವ ಬಾಣಂತಿಯಾಗಿ ಮಲಗಿದ್ದಳು. ಪಕ್ಕದಲ್ಲಿ ನನ್ನ ತಮ್ಮ, ಇನ್ನೂ ಹೆಸರಿಲ್ಲದವನು. ತಿಂಗಳು ತುಂಬಿದ ಮೇಲೇ ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮ ಮನೆಯ ರೂಢಿ. ಹೊಸ್ತಿಲ ಮೇಲೆ ಬೇವಿನ ಸೊಪ್ಪು, ಅಡ್ಡಲಾಗಿ ಒಂದು ಕುಡುಗೋಲು. ಕುಡುಗೋಲು ದೆವ್ವ ಪೀಡೆಗಳಿಗೆ ಎಂದು ಆಯಿ ಹೇಳುತ್ತಿದ್ದಳು. ಆದರೆ ಅದನ್ನು ಇಟ್ಟಂದಿನಿಂದ ಅಲ್ಲಿಗೆ ಬಂದು ನಿಂತು ವಾಪಸು ಹೋಗುತ್ತಿದ್ದವಳು ನಮ್ಮ ಸಣ್ಣವ್ವ ಒಬ್ಬಳೇ.

ಸಣ್ಣವ್ವ ಎಂದರೆ ಅಪ್ಪನ ತಮ್ಮನ, ಅಂದರೆ ನಮ್ಮ ಕಾಕಾನ ಹೆಂಡತಿ, ಅಳವಂಡಿಯ ಕಡೆಯವಳು, ಹೆಸರು ನೀಲವ್ವ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಅಪ್ಪ ಮತ್ತು ಕಾಕಾನದು ಹತ್ತಿಯ ವ್ಯಾಪಾರವಾದ್ದರಿಂದ ಮನೆಯಲ್ಲಿ ಹತ್ತಿಗೆ ಕೊರತೆಯಿರಲಿಲ್ಲ. ಸಂಜೆಯ ದೀಪಗಳಿಗೆ ಬತ್ತಿ ಹೊಸೆಯುವುದು ಸಣ್ಣವ್ವನ ಪಾಲಿನ ಕೆಲಸ. ನನಗೂ ಈ ತಮ್ಮನಿಗೂ ನಡುವೆ ಒಂದು ಕೂಸು ಹುಟ್ಟಿತ್ತು. ಅದರ ತೊಟ್ಟಿಲ ದಿನ ಹಗ್ಗ ಹಿಡಿದು ತೂಗಿದವಳು ಸಣ್ಣವ್ವ. ಕೆಲವು ದಿನಗಳಲ್ಲೇ ಆ ಕೂಸು ಜ್ವರ ಬಂದು ತೀರಿಕೊಂಡಿತು. ಅವಳ ಕೈಗುಣ ಸರಿಯಿಲ್ಲವೆಂದು ಆಯಿ ತೀರ್ಪು ಕೊಟ್ಟಳು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಅವ್ವ ತೀರ್ಪು ಕೊಡಲಿಲ್ಲ, ಬೇಡವೆನ್ನಲೂ ಇಲ್ಲ. ಸಣ್ಣವ್ವ ಹೊಸ್ತಿಲ ಹೊರಗೆ ಬಂದು ನಿಂತಾಗ ಅವ್ವ ಈ ಕೂಸಿನ ಮುಖದ ಮೇಲೆ ಸೆರಗೆಳೆಯುತ್ತಿದ್ದಳು. ಗಾಳಿ ತಣ್ಣಗೈತಿ, ಅನ್ನುತ್ತಿದ್ದಳು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಹೀಗಿರುವಾಗ ಮನೆಯ ಮುಂದಿನ ಹಗೇವು ತೆರೆದರು. ಜೋಳ ತುಂಬಿಡುವ ನೆಲದೊಳಗಿನ ಆ ಕುಳಿಯನ್ನು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದು ಬಿಡುತ್ತಾರೆ. ಆ ಹೊತ್ತಿನಲ್ಲಿ ಯಾವುದೋ ಕಾಡಾಡಿ ಬೆಕ್ಕಿನ ಮರಿ ಅದರೊಳಗೆ ಬಿದ್ದಿತ್ತು. ಕೂಗು ಮೊದಲು ಕೇಳಿಸಿದ್ದು ಸಣ್ಣವ್ವನಿಗೆ. ಹೊಲದ ಆಳು ದುರುಗಪ್ಪ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ದೀಪ ಆರಲಿಲ್ಲ. ತಾನೂ ಇಳಿದ. ಒಳಗಿನಿಂದ ಅವನ ದನಿ ಬಂತು:

"ಯವ್ವಾ, ಇದು ಬೆಕ್ಕಲ್ರಿ, ಹುಲಿ ಐತ್ರಿ! ಕೈ ಹರಕೊಂಡ್ ತಿಂತೈತಿ!"

ಹುಲಿ ಹೊರಗೆ ಬಂದಾಗ ಅಂಗೈಯಷ್ಟಿತ್ತು. ಮೈತುಂಬ ಜೋಳದ ದೂಳು, ಕಣ್ಣಿಗೆ ಪಿಚ್ಚು ಕಟ್ಟಿ ರೆಪ್ಪೆ ಅಂಟಿಕೊಂಡಿದ್ದವು, ಮೂಗಿನಿಂದ ಸಿಂಬಳ ಇಳಿದು ಒಣಗಿತ್ತು. ಸಣ್ಣವ್ವ ಅದನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಅದು ಅವಳನ್ನು ಪರಚಿತು, ಉಗ್ರವಾಗಿ ಹಿಸ್ಸೆಂದಿತು, ಆಮೇಲೆ ಸೀನಿತು. ಸೀನಿದ ರಭಸಕ್ಕೆ ತಾನೇ ಹಿಂದಕ್ಕೆ ಉರುಳಿತು. ಆಯಿ ಪಡಸಾಲೆಯಲ್ಲಿ ಕೂತು ವಿಚಾರಣೆ ನಡೆಸಿದಳು. ಬೆಕ್ಕು ಸತ್ತರೆ ಆ ಪಾಪ ಮನೆಗೆ ತಟ್ಟುತ್ತದೆಂಬುದು ಅವಳ ಗಟ್ಟಿ ನಂಬಿಕೆ.

"ಬಾಣಂತಿ ಇರೋ ಮನಿಯಾಗ ಬೆಕ್ಕು ಸಾಯಬಾರದು. ಹೊರಗ ಒಗದು ಅಲ್ಲಿ ಸತ್ರ ಅದೂ ನಮ್ಮ ತಲಿಗೇ ಬರತೈತಿ. ಅದಕ್ಕ ಇದು ಸಾಯಂಗಿಲ್ಲ, ತಿಳೀತಿಲ್ಲೋ?"

ಬೆಕ್ಕಿಗೆ ತಿಳಿದಂತೆ ಕಾಣಲಿಲ್ಲ. ಆಯಿ ಸಣ್ಣವ್ವನತ್ತ ತಿರುಗಿದಳು.

"ನೀಲವ್ವ, ನೀನ ಹಿಡಕೊಂಡೀದಿ, ನೀನ ನೋಡ್ಕೋ. ಇದು ನಿನ್ನ ಕೈಯಾಗ ಬದುಕಿದ್ರ ತೊಟ್ಲದ ದಿನ ಹಗ್ಗ ಹಿಡಿಯಾಕ ನಾನ ಕರೀತೀನಿ. ಸತ್ರ, ಮತ್ತ ಆ ಮಾತು ಎತ್ತಬ್ಯಾಡ."

"ಹೂನ್ರಿ ಅತ್ತಿ," ಅಂದಳು ಸಣ್ಣವ್ವ. ಆ ಮಾತನ್ನು ಅವಳು ಎಂದೂ ಎತ್ತಿರಲಿಲ್ಲ. ಆದರೆ ಆಯಿ ಹೇಳಿದ್ದನ್ನು ಕೇಳಿದ ಮೇಲೆ ಅವಳು ಬೆಕ್ಕನ್ನು ಹಿಡಿದುಕೊಂಡ ರೀತಿ ಬದಲಾಯಿತು. ಅಲ್ಲಿಯವರೆಗೆ ಮರಿಯನ್ನು ಹಿಡಿದಿದ್ದಳು. ಈಗ ತೀರ್ಪನ್ನು ಹಿಡಿದಿದ್ದಳು.

ನೆಗಡಿಗೆ ನಮ್ಮ ಮನೆಯಲ್ಲಿದ್ದುದು ಒಂದೇ ಶಾಸ್ತ್ರ, ಅದು ಕೂಸುಗಳದು. ಬೆಕ್ಕಿಗೆಂದು ಬೇರೆ ಶಾಸ್ತ್ರವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೀಗಾಗಿ ಹಗೇವಿ (ಹಗೇವಿನಿಂದ ಬಂದವಳಾದ್ದರಿಂದ ನಾನಿಟ್ಟ ಹೆಸರು) ಕೂಸಿನ ಸಕಲ ಮರ್ಯಾದೆಗಳಿಗೂ ಪಾತ್ರಳಾದಳು. ಮೊದಲು ಎಣ್ಣೆ ಹಚ್ಚಿ ಬಿಸಿನೀರು ಎರೆಯಬೇಕೆಂದು ಹುಕುಂ ಆಯಿತು. ಅಂದು ಬಚ್ಚಲಿಗೆ ಹೋದವರಲ್ಲಿ ತೋಯ್ಸಿಕೊಳ್ಳದೆ ಹೊರಬಂದವಳು ಹಗೇವಿ ಒಬ್ಬಳೇ. ಆಮೇಲೆ ಹೊಗೆ. ಶೇಗಡಿಯ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಿ, ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಸಂದುಗಳಿಂದ ಬರುವ ಹೊಗೆಯಲ್ಲಿ ಕೂಸನ್ನು ಹಿಡಿಯುವುದು ಆಯಿಯ ಹೆಮ್ಮೆಯ ವಿದ್ಯೆ. ಊರಿನ ಎಷ್ಟೋ ಮಕ್ಕಳು ಆ ಹೊಗೆ ಕುಡಿದೇ ದೊಡ್ಡವರಾಗಿದ್ದರು. ಬೆಕ್ಕು ಮಾತ್ರ ಹೊಗೆ ಕುಡಿದು ಇನ್ನಷ್ಟು ಸಣ್ಣದಾಯಿತು. ಕಣ್ಣು ಪೂರ್ತಿ ಮುಚ್ಚಿದವು. ಹಾಲಿನ ಬಟ್ಟಲಿಗೆ ಮೂತಿ ಹಚ್ಚಿದರೂ ನೆಕ್ಕದೆ ತಲೆ ತಿರುಗಿಸಿತು. ಮೂಳೆ ಕೈಗೆ ಹತ್ತತೊಡಗಿದವು.

ಚಳಿ ತಾಗದಿರಲೆಂದು ಸಣ್ಣವ್ವ ಹಳೆಯ ಖಣದ ತುಂಡಿನಲ್ಲಿ ಅದಕ್ಕೊಂದು ಕುಂಚಿಗಿ ಹೊಲಿದಳು. ಕುಂಚಿಗಿ ಎಂದರೆ ಕೂಸಿನ ತಲೆಗೆ ಟೋಪಿಯಾಗಿ ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ಅದೇ ತಪ್ಪಾಯಿತು. ಬಾಣಂತಿಯನ್ನು ನೋಡಲೆಂದು ಬಂದ ಓಣಿಯ ಬಸಲಿಂಗವ್ವನ ಕಣ್ಣಿಗೆ ಮೊದಲು ಬಿದ್ದದ್ದು ಪಡಸಾಲೆಯ ಮೂಲೆಯಲ್ಲಿ ಕುಂಚಿಗಿ ತೊಟ್ಟು ಸಣ್ಣವ್ವನ ತೊಡೆಯ ಮೇಲೆ ಮಲಗಿದ್ದ ಹಗೇವಿ. ಕಾಕಾ ಅಲ್ಲೇ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಬಸಲಿಂಗವ್ವ ಸೊಂಟದ ಮೇಲೆ ಕೈಯಿಟ್ಟು ಬಾಗಿ ನೋಡಿದಳು.

"ಅಯ್ಯ ನನ್ನವ್ವಾ, ಛಲೋ ಐತಲ್ಲ! ಮೂಗು ಯಾರ್ಹಂಗ ಐತಿ ನೀಲವ್ವ? ಅವರಪ್ಪನ್ಹಂಗ ಐತೇನ?"

ಆಯಿ ನಕ್ಕಳು. ಒಳಗಿನ ಕೋಣೆಯಿಂದ ಅವ್ವ ನಕ್ಕದ್ದೂ ಕೇಳಿಸಿತು. ಆ ಮನೆಯ ಗೋಡೆಗಳು ದಪ್ಪವಿದ್ದವು, ನಗು ಮಾತ್ರ ಹೇಗೋ ಹೊರಗೆ ಬಂತು. ಕಾಕಾ ಎದ್ದು ರುಮಾಲು ಸುತ್ತಿಕೊಂಡು ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟ. ಅಂದು ಅಮಾವಾಸ್ಯೆ, ಅಂಗಡಿ ತೆರೆದಿರಲಿಲ್ಲ. ಸಣ್ಣವ್ವ ಬೆಕ್ಕಿನ ಕುಂಚಿಗಿ ಬಿಚ್ಚಿ, ನಾಕು ಮಡಿಕೆ ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಕಿವಿ ಕೆಂಪಗಾಗಿದ್ದವು. ನೋಡುತ್ತಿದ್ದ ನನ್ನವೂ ಬಿಸಿಯಾಗಿದ್ದವು. ಯಾರ ಬಗ್ಗೆ ನಾಚಿಕೆ ಪಡಬೇಕೆಂಬುದು ಗೊತ್ತಾಗುವ ವಯಸ್ಸಲ್ಲ ಅದು. ಸದ್ಯಕ್ಕೆ ಸಣ್ಣವ್ವನೇ ಕೈಗೆ ಸಿಕ್ಕಿದ್ದರಿಂದ ಅವಳ ಬಗ್ಗೆಯೇ ಪಟ್ಟೆ. ಮರುದಿನ ನೀರಿಗೆ ಹೋದಾಗ ಸುದ್ದಿ ನನಗಿಂತ ಮೊದಲೇ ಬಾವಿಕಟ್ಟೆಯ ಮೇಲೆ ಕೂತಿತ್ತು. ಓಣಿಯ ಹುಡುಗಿಯರೆಲ್ಲ ನನ್ನನ್ನು ಕಂಡಕೂಡಲೇ ಸಾಲಾಗಿ ಸೀನಿದರು.

"ನಿಮ್ಮ ಸಣ್ಣವ್ವ ಹಡದಾಳಂತಲ್ಲ! ಬಾಲ ಐತಂತ, ಖರೇ ಏನ?"

"ತೊಟ್ಲಕ್ಕ ಯಾವಾಗ ಹಾಕ್ತೀರೇ? ನಮಗೂ ಗುಗ್ಗರಿ ಕೊಡ್ರಿ!"

ಕೊಡ ಅರ್ಧ ತುಂಬಿಕೊಂಡು ಓಡಿ ಬಂದೆ. ಬಂದು ನೋಡಿದರೆ ಸಣ್ಣವ್ವ ಪಡಸಾಲೆಯಲ್ಲಿರಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಚ್ಚಲುಮನೆಯ ಹಂಡೆಯ ಪಕ್ಕ ಕೂತಿದ್ದಳು. ನಾಚಿಕೆ ಹೀಗೆ ಆ ಬೆಕ್ಕಿನ ಜೀವ ಉಳಿಸಿತು. ಹಂಡೆಯ ನೀರು ಕುದ್ದು ಆವಿ ಬಚ್ಚಲ ತುಂಬ ನಿಂತಿತ್ತು. ಆವಿಗೆ ಹಗೇವಿಯ ಮೂಗಿನ ಹೆಪ್ಪು ಸಡಿಲಾಗಿ ಇಳಿಯತೊಡಗಿತ್ತು. ಸಣ್ಣವ್ವ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆತ್ತನೆಯ ಬತ್ತಿ ಅದ್ದಿ ಮೊದಲು ಕಣ್ಣು ಒರೆಸಿದಳು, ಆಮೇಲೆ ಹೊಸ ಬತ್ತಿ ತೆಗೆದುಕೊಂಡು ಮೂಗು. ಬೆಕ್ಕು ಒಂದು ದೊಡ್ಡ ಸೀನು ಸೀನಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರೆಳೆದುಕೊಂಡಿತು. ನಾವಿಬ್ಬರೂ ನಮ್ಮ ಉಸಿರು ಬಿಟ್ಟೆವು.

"ಅದಕ್ಕ ಹಸಿವಿಲ್ಲ ಅಂತಲ್ಲವಾ," ಅಂದಳು ಸಣ್ಣವ್ವ. "ಮೂಗು ಕಟ್ಟಿತ್ತು. ಮುಂದ ಹಾಲು ಐತಿ ಅಂತ ಗೊತ್ತ ಆಗಿರಲಿಲ್ಲ ಅದಕ್ಕ. ಇನ್ನ ಆ ಹೊಗಿ ಬ್ಯಾಡ. ಅತ್ತಿ ಮುಂದ ಹೇಳಬ್ಯಾಡ ಮತ್ತ."

ಹಾಲಿನ ವಾಸನೆ ಸಾಲದೆಂದು ಅಡುಗೆಮನೆಯಿಂದ ಬೆಣ್ಣೆ ಕಾಸಿದ ಪಾತ್ರೆಯ ತಳದ ಗಸಿಯನ್ನು ತಂದು ಬೆರಳ ತುದಿಯಲ್ಲಿ ಹಿಡಿದಳು. ಹಗೇವಿ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಗಸಿಯನ್ನೂ ಬೆರಳನ್ನೂ ಒಟ್ಟಿಗೆ ಕಚ್ಚಿತು. ಸಣ್ಣವ್ವ ನೋವಿಗೆ ಹಾ ಎನ್ನುತ್ತ ನಕ್ಕಳು. ಆ ಚಳಿಗಾಲ ಅವಳು ನಕ್ಕದ್ದನ್ನು ನಾನು ಅಂದೇ ನೋಡಿದ್ದು. ಅಂದಿನಿಂದ ಆವಿ, ಬತ್ತಿ, ಗಸಿ, ಸ್ವಲ್ಪ ಸ್ವಲ್ಪವೇ ಹಾಲು. ಬೆಕ್ಕಿನ ಕಣ್ಣು ತೆರೆದವು. ಮೈ ತುಂಬಿತು. ಒಂದು ಮುಂಜಾನೆ ಅದು ಆಯಿಯ ಜಪದ ಸರವನ್ನೇ ಹಾವೆಂದು ತಿಳಿದು ಹಿಡಿಯಲು ಹೋಯಿತು. ಇದಕ್ಕಿಂತ ಹೆಚ್ಚಿನ ಆರೋಗ್ಯದ ಪುರಾವೆ ಬೇಕಿರಲಿಲ್ಲ.

ತೊಟ್ಟಿಲ ದಿನ ಹತ್ತಿರ ಬಂದಿತ್ತು. ಸಣ್ಣವ್ವ ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಆಯಿಯ ಮುಂದೆ ಹೋಗಿ ನಿಂತಳು. ಆಯಿ ಬೆಕ್ಕನ್ನು ನೋಡಿದಳು, ಮಾಳಿಗೆಯ ತೊಲೆ ನೋಡಿದಳು.

"ಆತು, ನೋಡೂಣಂತ," ಅಂದಳು.

ನೋಡುವಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಕೂಸು ಸೀನಿತು.

ಆಮೇಲೆ ನಡೆದದ್ದೆಲ್ಲ ಬಲು ಬೇಗ ನಡೆಯಿತು. ಬೆಕ್ಕಿನ ನೆಗಡಿ ಕೂಸಿಗೆ ಬಂದಿದೆ, ಬೆಕ್ಕನ್ನು ತಂದವಳು ನೀಲವ್ವ, ಆದ್ದರಿಂದ ನೀಲವ್ವನ ನೆಗಡಿಯೇ ಕೂಸಿಗೆ ಬಂದಿದೆ ಎಂದು ಆಯಿ ಲೆಕ್ಕ ಕಟ್ಟಿದಳು. ಬೆಕ್ಕನ್ನು ಊರ ಹೊರಗೆ ಬಿಡಿಸಬೇಕು. ನೀಲವ್ವ ಪಡಸಾಲೆಗೂ ಕಾಲಿಡಬಾರದು. ಸಣ್ಣವ್ವ ಹಿತ್ತಲಿನ ಹತ್ತಿಯ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು. ಬೆಕ್ಕು ಊರ ಹೊರಗೆ ಹೋಗಲಿಲ್ಲ, ಹತ್ತಿಯೊಳಗೆ ಹೋಯಿತು. ಅದು ನನಗೆ ಗೊತ್ತಿತ್ತು, ದುರುಗಪ್ಪನಿಗೆ ಗೊತ್ತಿತ್ತು, ಬಹುಶಃ ಆಯಿಗೂ.

ಕೂಸಿನ ಮೂಗು ಕಟ್ಟಿತು. ಮೊಲೆಗೆ ಬಾಯಿ ಹಚ್ಚುವುದು, ಉಸಿರು ಸಿಗದೆ ಬಿಡುವುದು, ಅಳುವುದು, ಮತ್ತೆ ಹಚ್ಚುವುದು. ಆಯಿ ಹೊಗೆ ಹಾಕಿದಳು. ಸರಿಹೋಗದಿದ್ದಾಗ ಇನ್ನೂ ಹೊಗೆ ಹಾಕಿದಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಗಲಿನಲ್ಲೂ ದೀಪ ಮಂಜಿನಲ್ಲಿದ್ದಂತೆ ಕಾಣುತ್ತಿತ್ತು. ಅಪ್ಪ ಹಕೀಮರಿಗೆ ಹೇಳಿಕಳಿಸಿದ.

"ಹಕೀಮ ಸಾಹೇಬರು ಗಂಗಾವತಿಗೆ ಹೋಗ್ಯಾರಂತ್ರಿ," ಎಂದು ದುರುಗಪ್ಪ ಬಂದು ಹೇಳಿದ. "ಯಾವಾಗ ಬರತಾರೋ ಗೊತ್ತಿಲ್ಲಂತ."

ಅಪ್ಪ, ಕಾಕಾ ಇಬ್ಬರೂ ಕಟ್ಟೆಯ ಮೇಲೆ ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತರು. ಮಧ್ಯಾಹ್ನದ ಹೊತ್ತಿಗೆ ಕೂಸಿಗೆ ಅಳಲೂ ಶಕ್ತಿಯಿರಲಿಲ್ಲ; ತಲೆ ಅತ್ತ ತಿರುಗಿಸಿ ಸುಮ್ಮನಾಯಿತು. ತಲೆ ತಿರುಗಿಸಿದ ಆ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು.

"ಅವ್ವಾ, ಹಗೇವಿಗೂ ಹಿಂಗ ಆಗಿತ್ತ."

ಆಯಿ ನನ್ನ ತೋಳು ಚಿವುಟಿದಳು. "ನನ್ನ ಮೊಮ್ಮಗನ್ನ ಬೆಕ್ಕಿಗೆ ಹೋಲಸ್ತೀ ಏನ, ಭಾಡಕೋ?"

ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ರವಿಕೆ ಹಾಲಿಗೆ ತೊಯ್ದಿತ್ತು.

"ಕರಿ ಆಕಿನ್ನ," ಅಂದಳು.

"ಯಾರನ್ನ?" ಅಂದಳು ಆಯಿ.

"ಅತ್ತಿ, ನನ್ನ ಕೂಸು ಹಸದೈತ್ರಿ."

ನಾನು ಓಡಿದೆ. ಸಣ್ಣವ್ವ ಹತ್ತಿಯ ರಾಶಿಯ ಬುಡದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು; ಎದುರಿಗೆ ವರ್ಷಕ್ಕಾಗುವಷ್ಟು ಬತ್ತಿ ಬಿದ್ದಿದ್ದವು. ಒಂದು ಹಿಡಿ ಬತ್ತಿ ತೆಗೆದುಕೊಂಡಳು, ಬೆಕ್ಕನ್ನೂ ತೆಗೆದುಕೊಂಡಳು. ಬೆಕ್ಕು ಯಾಕೆಂದು ನಾನು ಕೇಳಲಿಲ್ಲ. ಬಂದವಳು ಕೋಣೆಯ ಹೊರಗೆ, ಕುಡುಗೋಲಿನ ಈಚೆಗೆ, ಚಕ್ಕಳಮಕ್ಕಳ ಹಾಕಿ ಕೂತಳು.

"ಒಳಗ ಬಾ ನೀಲವ್ವ," ಅಂದಳು ಅವ್ವ.

"ಇಲ್ಲೇ ಕುಂದರತೀನಿ ಅಕ್ಕಾ. ನಾ ಇದಕ್ಕ ಮಾಡಿ ತೋರಸ್ತೀನಿ, ನೀ ಕೂಸಿಗೆ ಮಾಡು. ನನ್ನ ಕೈ ಬ್ಯಾಡ."

ಅದು ಕೋಪದ ಮಾತಾಗಿರಲಿಲ್ಲ. ಕೋಪವಾಗಿದ್ದರೆ ನಮಗೆಲ್ಲ ಎಷ್ಟೋ ಹಗುರಾಗುತ್ತಿತ್ತು. ನಮ್ಮ ಮನೆಯ ಕಾನೂನನ್ನೇ ಅವಳು ನಮಗೆ ತಿರುಗಿ ಹೇಳುತ್ತಿದ್ದಳು, ಅದೂ ಗೌರವದಿಂದ. ನಾನು ಬೆಚ್ಚನೆಯ ಉಪ್ಪುನೀರು ತಂದೆ. ಎರಡು ಬಟ್ಟಲಲ್ಲಿ ತಾ ಎಂದು ಆಯಿ ಗೊಣಗಿದಳು. ಬೆಕ್ಕಿಗೆ ಬೇರೆ, ಕೂಸಿಗೆ ಬೇರೆ. ಪ್ರಪಂಚ ಮುಳುಗುತ್ತಿದ್ದರೂ ಆಯಿ ಮೊದಲು ಪಾತ್ರೆಗಳನ್ನು ಬೇರೆ ಮಾಡುತ್ತಿದ್ದಳು.

"ಆ ಹೊಗಿ ತಗೀರಿ," ಅಂದಳು ಸಣ್ಣವ್ವ, ಯಾರನ್ನೂ ನೋಡದೆ.

ಆಯಿಗೆ ಆ ಮನೆಯಲ್ಲಿ ಯಾರೂ ಹುಕುಂ ಕೊಟ್ಟವರಿರಲಿಲ್ಲ. ಆದರೂ ಎದ್ದು ಶೇಗಡಿಯನ್ನು ಹೊರಗೆ ಒಯ್ದಿಟ್ಟು, ಅದರ ಜಾಗಕ್ಕೆ ಕುದಿಯುವ ನೀರಿನ ಪಾತ್ರೆಯನ್ನು ತಂದಿಟ್ಟಳು. ಅದನ್ನು ತಾ ಎಂದು ಯಾರೂ ಹೇಳಿರಲಿಲ್ಲ. ಹಾಗಾದರೆ ಬಚ್ಚಲಲ್ಲಿ ನಡೆಯುತ್ತಿದ್ದುದೆಲ್ಲ ಅವಳಿಗೆ ಗೊತ್ತಿತ್ತು.

"ತಲಿ ಎತ್ತರ ಹಿಡಿ ಅಕ್ಕಾ, ಹಿಂಗ. ಹೆಗಲಿಗೆ ಆನಿಸು. ಹಾಂ. ಬತ್ತಿ ತುದಿ ಮೆತ್ತಗ ಇರಲಿ, ಒತ್ತಬ್ಯಾಡ. ಒಂದು ಹನಿ ಬಿಡು, ತಡಿ. ಈಗ ಒರಸು."

ಹೊಸ್ತಿಲಿನ ಆಚೆಗೆ ಅವ್ವ ಮತ್ತು ಕೂಸು, ಈಚೆಗೆ ಸಣ್ಣವ್ವ ಮತ್ತು ಬೆಕ್ಕು. ಒಬ್ಬಳ ಕೈ ಹೋದಲ್ಲೆಲ್ಲ ಇನ್ನೊಬ್ಬಳ ಕೈ ಹೋಗುತ್ತಿತ್ತು. ಹಗೇವಿಗೆ ನೆಗಡಿ ಎಂದೋ ವಾಸಿಯಾಗಿತ್ತು. ಕಾರಣವಿಲ್ಲದೆ ಮತ್ತೆ ಮೂಗಿಗೆ ಬತ್ತಿ ಬಂದದ್ದು ಅದಕ್ಕೆ ಮಾನಭಂಗದಂತೆ ಕಂಡಿರಬೇಕು. ಸಣ್ಣವ್ವನ ಮುಂಗೈಯನ್ನು ರಕ್ತ ಬರುವಂತೆ ಪರಚಿತು. ಅವಳು ಕೈ ಹಿಂದೆಗೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಇಡೀ ಮನೆಗೆ ನಗು ಬರಬೇಕಾದ ನೋಟ ಅದು. ಕೂಸು ಸೀನಿತು. ಬಾಯಿ ಮುಚ್ಚಿತು. ಮೂಗಿನಿಂದ ಉಸಿರೆಳೆದುಕೊಂಡಿತು. ಅವ್ವ ಮೊಲೆಗೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಗುಟುಕರಿಸುವ ಸದ್ದು ಪಡಸಾಲೆಯ ತನಕ ಕೇಳಿಸಿತು. ಹೊರಗೆ ಕಟ್ಟೆಯ ಮೇಲೆ ಅಪ್ಪನೋ ಕಾಕಾನೋ ಜೋರಾಗಿ ಮೂಗು ಸೀಟಿದರು.

ಹೊಟ್ಟೆ ತುಂಬಿ ಕೂಸು ಕಣ್ಣು ಮುಚ್ಚಿದ ಮೇಲೆ ಅವ್ವ ಅದರ ಮುಖದ ಮೇಲಿನ ಸೆರಗು ತೆಗೆದು, ಎರಡೂ ಕೈಯಲ್ಲಿ ಎತ್ತಿ, ಕುಡುಗೋಲಿನ ಮೇಲಿಂದ ಆಚೆಗೆ ಚಾಚಿದಳು.

"ತಗೋ ನೀಲವ್ವ."

ಸಣ್ಣವ್ವ ಕೂಸನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅದರ ಮುಖವನ್ನು ಅವಳು ಸರಿಯಾಗಿ ಕಂಡದ್ದು ಅಂದೇ ಮೊದಲು.

"ಕೈಗೆ ರಕ್ತ ಹತ್ತೈತಿ ಅಕ್ಕಾ," ಅಂದಳು. "ಮಲಗಸು. ಎಚ್ಚರ ಆದೀತು."

ಅವ್ವನ ಕೈಗಳು ಹೊಸ್ತಿಲ ಮೇಲೆ ಹಾಗೇ ಇದ್ದವು. ಮುಂದೆ ಹೋಗುವಂತಿರಲಿಲ್ಲ, ಹಿಂದೆ ತೆಗೆದುಕೊಳ್ಳುವುದು ಅದಕ್ಕಿಂತ ಕಷ್ಟ. ಅವಳ ಮುಖವನ್ನು ನನಗೆ ನೋಡಲಾಗಲಿಲ್ಲ, ನೆಲ ನೋಡಿದೆ. ಬಾವಿಕಟ್ಟೆಯ ಮೇಲೆ ಹುಡುಗಿಯರು ಸೀನಿದಾಗ ನನಗಾದದ್ದನ್ನು ನಾಚಿಕೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಹಗೇವಿ ಸಣ್ಣವ್ವನ ತೊಡೆಯಿಂದ ಜಾರಿ, ಕುಡುಗೋಲು ಹಾರಿ, ಹೊಸ್ತಿಲು ದಾಟಿ, ಬಾಲ ನೆಟ್ಟಗೆ ಮಾಡಿಕೊಂಡು ಕೋಣೆಯ ನಡುವೆ ಹೋಗಿ ನಿಂತಿತು. ಸಣ್ಣವ್ವ ಹೊರಗಿನಿಂದಲೇ ಬಾ, ಬಾ ಎಂದು ಕರೆದಳು. ಬಗ್ಗಿ ಕೈ ಚಾಚಿದ್ದರೆ ಸಿಗುತ್ತಿತ್ತು. ಕೈಯನ್ನೂ ಒಳಗೆ ಚಾಚಲಿಲ್ಲ. ಒಳಗೆ ಹೋಗಿ ಹಿಡಕೋ ಎಂದು ಹೇಳಬೇಕಾದವಳು ಆಯಿ. ಬೆಕ್ಕು ಸೋಕಿದರೆ ಸ್ನಾನ ಮಾಡುತ್ತಿದ್ದ ಆಯಿ ಎದ್ದು ಬಾಗಿ, ಎರಡೂ ಕೈಯಿಂದ ಹಗೇವಿಯನ್ನು ಎತ್ತಿಕೊಂಡಳು, ಕಾಲಿನಿಂದ ಕುಡುಗೋಲನ್ನು ಬದಿಗೆ ಸರಿಸಿ ಹೊಸ್ತಿಲಿಗೆ ಬಂದು ನಿಂತಳು. ಸಣ್ಣವ್ವ ಎದ್ದು ನಿಂತು, ರಕ್ತದ ಕೈ ಅತ್ತೆಗೆ ಸೋಕಬಾರದೆಂದು ಸೆರಗನ್ನು ಎರಡೂ ಕಡೆ ಹಿಡಿದು ಮುಂದೆ ಒಡ್ಡಿದಳು. ಆಯಿ ಬೆಕ್ಕನ್ನು ಅದರೊಳಗೆ ಹಾಕಿದಳು. ಮಕ್ಕಳಾಗಲೆಂದು ಮುತ್ತೈದೆಗೆ ಉಡಿ ತುಂಬುವಾಗ ಹೇಗೆ ನಿಲ್ಲುತ್ತಾರೋ ಹಾಗೆ ನಿಂತಿದ್ದರು ಇಬ್ಬರೂ. ಅದು ನಮಗೆಲ್ಲ ಹೊಳೆದದ್ದು ಬೆಕ್ಕನ್ನು ಹಾಕಿದ ಮೇಲೆ. ಆಯಿಯ ಕೈಗಳು ಅಲ್ಲೇ ನಿಂತವು.

ಉಡಿಯೊಳಗಿನಿಂದ ಹಗೇವಿ ಒಮ್ಮೆ ಸೀನಿತು. ಯಾರೂ ನಗಲಿಲ್ಲ.